ಸಿಹಿನೀರಿನ ಅಕ್ವೇರಿಯಂನಲ್ಲಿ ಮತ್ತೆ ಮತ್ತೆ ಏರುವ ಅಮೋನಿಯ: ಪದೇ ಪದೇ ಕೇಳುವ ಪ್ರಶ್ನೆಗಳು

ನೀರು ಬದಲಾಯಿಸಿದರೆ ಅಮೋನಿಯ ಇಳಿಯುತ್ತದೆ, ನಾಲ್ಕು ದಿನ ಕಳೆದರೆ ಮತ್ತೆ ಏರುತ್ತದೆ ಎಂಬ ಒಂದೇ ದೂರಿನಿಂದ ಈ ಪ್ರಶ್ನೆಗಳಲ್ಲಿ ಹೆಚ್ಚಿನವು ಹುಟ್ಟಿವೆ. ಕೇಳಿದವರ ಮಾತನ್ನು ಸಾಧ್ಯವಾದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಏರಿಕೆ ಯಾವಾಗ, ಯಾವುದರ ಬೆನ್ನಿಗೆ ಬರುತ್ತದೆ ಎಂಬುದನ್ನು ಗುರುತಿಸದೆ ಅದನ್ನು ನಿಲ್ಲಿಸಲು ಆಗುವುದಿಲ್ಲ ಎಂಬುದು ಇಲ್ಲಿನ ಉತ್ತರಗಳ ನಿಲುವು.

## ಮೊದಲು ತಿಳಿದಿರಬೇಕಾದದ್ದು

ನಾವು ನೀರಿಗೆ ಏನೂ ಹಾಕಿಲ್ಲ. ಈ ಅಮೋನಿಯ ಎಲ್ಲಿಂದ ಬರುತ್ತದೆ?

ಆಹಾರವನ್ನು ಹಾಕಿದ್ದೀರಿ. ಅಂಗಡಿಯಲ್ಲಿ ಸಿಗುವ ಮೀನಿನ ಕಾಳುಗಳಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ಪ್ರೋಟೀನ್ ಇರುತ್ತದೆ, ಪ್ರೋಟೀನಿನ ತೂಕದಲ್ಲಿ ಶೇಕಡ 16ರಷ್ಟು ಸಾರಜನಕ. ಮೀನು ಅದರಲ್ಲಿ ಸ್ವಲ್ಪವನ್ನು ಮೈಗೆ ಹಿಡಿಸಿಕೊಂಡು, ಉಳಿದುದರಲ್ಲಿ ಬಹುಪಾಲನ್ನು ಕಿವಿರುಗಳ ಮೂಲಕ ಅಮೋನಿಯವಾಗಿ ನೀರಿಗೆ ಬಿಡುತ್ತದೆ. ತಿನ್ನದೆ ಬಿಟ್ಟ ಕಾಳು, ಮಲ, ಕೊಳೆತ ಎಲೆ, ಕಲ್ಲಿನ ಸಂದಿಯಲ್ಲಿ ಸತ್ತು ಸಿಕ್ಕಿಕೊಂಡ ಮೀನು ಇವೆಲ್ಲವೂ ಕೊಳೆಯುತ್ತ ಅದನ್ನೇ ಕೊಡುತ್ತವೆ. ಮೀನು ಕೃಷಿಯಲ್ಲಿ ಬಳಸುವ ಸ್ಥೂಲ ಅಂದಾಜಿನಂತೆ ಒಂದು ಕಿಲೋ ಆಹಾರದಿಂದ ಸುಮಾರು 30 ಗ್ರಾಂ ಅಮೋನಿಯ ಸಾರಜನಕ (ಅಮೋನಿಯದಲ್ಲಿರುವ ಸಾರಜನಕದ ತೂಕ) ಹುಟ್ಟುತ್ತದೆ. ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಮತ್ತು ಎತ್ತರದ ತೊಟ್ಟಿಯಲ್ಲಿ ಕಲ್ಲುಗಳನ್ನು ಕಳೆದರೆ ಸುಮಾರು 50 ಲೀಟರ್ ನೀರು ಉಳಿಯುತ್ತದೆ. ಅದಕ್ಕೆ ದಿನಕ್ಕೆ ಒಂದು ಗ್ರಾಂ ಕಾಳು ಹಾಕಿದರೆ ಪ್ರತಿದಿನ ಲೀಟರಿಗೆ 0.6 ಮಿಲಿಗ್ರಾಂ ಅಮೋನಿಯ ಸಾರಜನಕ ಸೇರಿದಂತಾಯಿತು. ಒಂದು ಗ್ರಾಂ ಎಂದರೆ ಮಕ್ಕಳು ಬೆರಳ ತುದಿಯಲ್ಲಿ ಎರಡು ಮೂರು ಸಲ ಚಿಟಿಕೆ ಹಾಕುವಷ್ಟು ಮಾತ್ರ.

ಹಾಗಿದ್ದರೆ ಎಲ್ಲರ ಮೀನೂ ಸಾಯಬೇಕಿತ್ತಲ್ಲ? ಪಕ್ಕದ ಮನೆಯವರ ಮೀನು ಚೆನ್ನಾಗಿಯೇ ಇವೆ.

ಅವರ ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲುಗಳ ಮೇಲೆ, ಗಾಜಿನ ಲೋಳೆಯಲ್ಲಿ ಅಮೋನಿಯವನ್ನೇ ಉಂಡು ಬದುಕುವ ಸೂಕ್ಷ್ಮಜೀವಿಗಳು ನೆಲೆಯೂರಿವೆ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಬಹಳ ಕಡಿಮೆ ವಿಷಕಾರಿ. ಹಳೆಯ ಕೈಪಿಡಿಗಳು ಎರಡನೆಯ ಕೆಲಸವನ್ನು ನೈಟ್ರೊಬ್ಯಾಕ್ಟರ್ ಹೆಸರಿಗೆ ಬರೆದಿದ್ದವು. ಅಕ್ವೇರಿಯಂಗಳಲ್ಲಿ ಅದನ್ನು ಮಾಡುವುದು ಮುಖ್ಯವಾಗಿ ನೈಟ್ರೊಸ್ಪೈರಾ ಎಂದು 1998ರಲ್ಲಿ ತೋರಿಸಿಕೊಟ್ಟ ಮೇಲೂ ಹಳೆಯ ಹೆಸರೇ ಅನೇಕ ಡಬ್ಬಿಗಳ ಮೇಲೆ ಅಚ್ಚಾಗುತ್ತಿದೆ.

ಈ ಜೀವಿಗಳು ನೀರಿನಲ್ಲಿ ತೇಲುವುದಕ್ಕಿಂತ ಮೇಲ್ಮೈಗಳಿಗೆ ಅಂಟಿಕೊಂಡೇ ಹೆಚ್ಚಾಗಿ ಇರುತ್ತವೆ, ಮತ್ತು ಬಹಳ ನಿಧಾನವಾಗಿ ಬೆಳೆಯುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ಮೂರರಿಂದ ಆರು ವಾರ ಬೇಕಾಗುವುದು ಅದಕ್ಕಾಗಿಯೇ. ದಿನನಿತ್ಯ ಸಿಗುವ ಅಮೋನಿಯಕ್ಕೆ ತಕ್ಕಷ್ಟೇ ಅವುಗಳ ಸಂಖ್ಯೆ ಇರುತ್ತದೆ, ಮೀಸಲು ಹೆಚ್ಚೇನೂ ಇರುವುದಿಲ್ಲ. ಆದ್ದರಿಂದ ಹುಟ್ಟುವ ಪ್ರಮಾಣ ಏಕಾಏಕಿ ಹೆಚ್ಚಿದರೂ, ಕರಗಿಸುವ ಶಕ್ತಿ ಏಕಾಏಕಿ ಕುಗ್ಗಿದರೂ ಫಲ ಒಂದೇ.

ನೀರು ತಿಳಿಯಾಗಿದೆ, ವಾಸನೆಯೂ ಇಲ್ಲ. ಆದರೂ ಪರೀಕ್ಷೆ ಮಾಡಲೇಬೇಕೆ?

ಮಾಡಲೇಬೇಕು. ಮೀನನ್ನು ಕೊಲ್ಲುವಷ್ಟು ಅಮೋನಿಯಕ್ಕೆ ಬಣ್ಣವೂ ಇಲ್ಲ, ನಮ್ಮ ಮೂಗಿಗೆ ತಿಳಿಯುವ ವಾಸನೆಯೂ ಇಲ್ಲ. ಹನಿ ಹಾಕಿ ಬಣ್ಣ ನೋಡುವ ದ್ರವದ ಕಿಟ್ ಕಾಗದದ ಪಟ್ಟಿಗಿಂತ ನಂಬಲರ್ಹ. ಬಾಟಲಿಯ ಮೇಲಿನ ಅವಧಿ ಮುಗಿದಿದೆಯೇ ಎಂದು ನೋಡಿಕೊಳ್ಳಿ, ಹೇಳಿದಷ್ಟು ನಿಮಿಷ ಕಾಯಿರಿ, ಬಣ್ಣವನ್ನು ಹಗಲಿನ ಬೆಳಕಿನಲ್ಲಿ ಬಿಳಿ ಹಿನ್ನೆಲೆಯ ಮುಂದೆ ಹೋಲಿಸಿ. ಹಳದಿ ಟ್ಯೂಬ್‌ಲೈಟಿನ ಕೆಳಗೆ ಸೊನ್ನೆಯ ಹಳದಿಯನ್ನೂ ಲೀಟರಿಗೆ 0.25 ಮಿಲಿಗ್ರಾಂನ ಹಳದಿ ಮಿಶ್ರಿತ ಹಸಿರನ್ನೂ ಬೇರ್ಪಡಿಸುವುದು ಯಾರಿಗೂ ಸುಲಭವಲ್ಲ.

ಕಿಟ್ 1 ಎಂದು ತೋರಿಸುತ್ತಿದೆ. ಗಾಬರಿಯಾಗಬೇಕೆ, ಬೇಡವೆ?

ಅದು ನಿಮ್ಮ ನೀರಿನ ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆ) ಮತ್ತು ಉಷ್ಣತೆಯನ್ನು ಅವಲಂಬಿಸಿದೆ. ನೀರಿನಲ್ಲಿ ಅಮೋನಿಯ ಎರಡು ರೂಪಗಳಲ್ಲಿರುತ್ತದೆ. ಮುಕ್ತ ಅಮೋನಿಯ ಕಿವಿರಿನ ಮೂಲಕ ಒಳನುಗ್ಗುವ ವಿಷ. ಅಮೋನಿಯಂ ರೂಪ ಹೋಲಿಕೆಯಲ್ಲಿ ಬಹಳ ಸೌಮ್ಯ. ಮನೆಬಳಕೆಯ ಕಿಟ್‌ಗಳು ಸಾಮಾನ್ಯವಾಗಿ ಎರಡನ್ನೂ ಕೂಡಿಸಿ ತೋರಿಸುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಮೊತ್ತದಲ್ಲಿ ಶೇಕಡ 0.6ರಷ್ಟು ಮಾತ್ರ ಮುಕ್ತ ಅಮೋನಿಯ. ಪಿಎಚ್ 8 ಆದರೆ ಶೇಕಡ 5ಕ್ಕಿಂತ ಹೆಚ್ಚು. ಅದೇ ಪಿಎಚ್ 8ರಲ್ಲಿ ನೀರು 30 ಡಿಗ್ರಿಗೆ ಏರಿದರೆ ಶೇಕಡ 7ಕ್ಕೂ ಹೆಚ್ಚು. ದೀರ್ಘಕಾಲ ತಾಳಿಕೊಳ್ಳಬಹುದಾದ ಮುಕ್ತ ಅಮೋನಿಯದ ಮಿತಿಯನ್ನು ಸಾಮಾನ್ಯವಾಗಿ ಲೀಟರಿಗೆ 0.02 ಮಿಲಿಗ್ರಾಂ ಎಂದು ಇಟ್ಟುಕೊಳ್ಳುತ್ತಾರೆ.

ಇದರ ಅರ್ಥ ನಮ್ಮಲ್ಲಿ ಊರಿಂದೂರಿಗೆ ಬದಲಾಗುತ್ತದೆ. ಕರಾವಳಿ ಮತ್ತು ಮಲೆನಾಡಿನ ಮುರಕಲ್ಲು ನೆಲದ ಬಾವಿನೀರು ಮೃದು, ತುಸು ಆಮ್ಲೀಯ. ಅಲ್ಲಿ 1ರ ಅಳತೆ ಎಚ್ಚರಿಕೆಯ ಗಂಟೆ ಮಾತ್ರ. ಬಯಲುಸೀಮೆಯ ಗಡುಸು ಬೋರ್‌ವೆಲ್ ನೀರಿನಲ್ಲಿ, ಪಿಎಚ್ 8ರ ಆಸುಪಾಸಿನಲ್ಲಿ, ಅದೇ 1 ಎಂದರೆ ಮಿತಿಯ ಎರಡೂವರೆ ಪಟ್ಟಿಗೂ ಹೆಚ್ಚು ವಿಷ. ಪಿಎಚ್ ಅಳೆಯದೆ ಅಮೋನಿಯ ಮಾತ್ರ ಅಳೆಯುವುದು ಅರ್ಧ ಕೆಲಸ.

ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿವೆ, ಕಿವಿರು ಕೆಂಪಾಗಿದೆ. ಈ ಕ್ಷಣ ಏನು ಮಾಡಲಿ?

ಆಹಾರ ನಿಲ್ಲಿಸಿ. ಏರ್ ಪಂಪ್ ಜೋರು ಮಾಡಿ. ಅಮೋನಿಯದಿಂದ ಕಿವಿರು ಘಾಸಿಯಾದ ಮೀನಿಗೆ ಆಮ್ಲಜನಕವೇ ಮೊದಲ ಆಸರೆ, ಮತ್ತು ತೊಂದರೆ ಬರಿಯ ಆಮ್ಲಜನಕದ ಕೊರತೆಯೇ ಆಗಿದ್ದರೂ ಇದರಿಂದ ನಷ್ಟವಿಲ್ಲ. ಬಳಿಕ ತೊಟ್ಟಿಯ ಮತ್ತು ಹೊಸ ನೀರಿನ ಪಿಎಚ್ ಎರಡನ್ನೂ ನೋಡಿ. ಎರಡೂ ಹತ್ತಿರ ಹತ್ತಿರ ಇದ್ದರೆ ಅದೇ ಉಷ್ಣತೆಯ, ಆಂಟಿ ಕ್ಲೋರಿನ್ (ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ದ್ರಾವಣ) ಹಾಕಿದ ನೀರಿನಿಂದ ಅರ್ಧ ತೊಟ್ಟಿ ಬದಲಾಯಿಸಿ, ಕೆಲವು ಗಂಟೆಗಳ ನಂತರ ಅಳೆದು ಅಗತ್ಯವಿದ್ದರೆ ಮತ್ತೊಮ್ಮೆ ಮಾಡಿ. ತೊಟ್ಟಿಯ ಪಿಎಚ್ ಹೊಸ ನೀರಿಗಿಂತ ಬಹಳ ಕೆಳಗಿದ್ದರೆ ಅರ್ಧ ಬದಲಾಯಿಸಬೇಡಿ; ಕಾರಣ ಮುಂದೆ ಹಳೆಯ ತೊಟ್ಟಿಯ ಪ್ರಶ್ನೆಯಲ್ಲಿದೆ. ಸತ್ತ ಮೀನು ಎಲ್ಲಾದರೂ ಅಡಗಿದೆಯೇ ಎಂದು ಹುಡುಕಿ. ಆ ದಿನ ಫಿಲ್ಟರನ್ನು ಮುಟ್ಟಬೇಡಿ.

## ಮತ್ತೆ ಮತ್ತೆ ಬರುವುದಕ್ಕೆ ಕಾರಣಗಳು

ವಾರಕ್ಕೆ ಎರಡು ಸಲ ಅರ್ಧ ನೀರು ತೆಗೆಯುತ್ತೇನೆ, ಆದರೂ ಸೊನ್ನೆಗೆ ಬರುತ್ತಿಲ್ಲ. ಇನ್ನೂ ಹೆಚ್ಚು ತೆಗೆಯಬೇಕೆ?

ನೀರು ಬದಲಾವಣೆ ಸಮಯ ಕೊಡುತ್ತದೆ, ಕಾರಣವನ್ನು ತೆಗೆಯುವುದಿಲ್ಲ. ದಿನಕ್ಕೆ 0.6 ಮಿಲಿಗ್ರಾಂ ಸೇರುವ ಮೇಲಿನ ತೊಟ್ಟಿಯಲ್ಲಿ ಫಿಲ್ಟರ್ ಏನೂ ಮಾಡದೆ ಇದ್ದರೆ, ವಾರಕ್ಕೆರಡು ಸಲ ಅರ್ಧರ್ಧ ನೀರು ತೆಗೆದರೂ ಅಳತೆ ಕೊನೆಗೆ ತೆಗೆಯುವ ಮುನ್ನ 4ರಷ್ಟು, ತೆಗೆದ ಮೇಲೆ 2ರಷ್ಟು ಎಂಬಲ್ಲಿ ನಿಂತುಬಿಡುತ್ತದೆ. ಬಕೆಟ್ ಹೊರುವ ಶ್ರಮವನ್ನು ಇಮ್ಮಡಿ ಮಾಡುವ ಬದಲು ಎರಡು ವಾರ ಒಂದು ಹಾಳೆಯಲ್ಲಿ ಬರೆದಿಡಿ: ದಿನವೂ ಒಂದೇ ಹೊತ್ತಿನಲ್ಲಿ ಅಮೋನಿಯ ಮತ್ತು ಪಿಎಚ್, ಜೊತೆಗೆ ಆ ದಿನ ಏನು ನಡೆಯಿತು ಎಂಬುದು.

ಏರಿಕೆಯ ಹೊತ್ತೇ ಕಾರಣವನ್ನು ಹೇಳಿಬಿಡುತ್ತದೆ. ಆಹಾರ ಹಾಕಿದ ಕೆಲವು ಗಂಟೆಗಳಲ್ಲಿ ಏರಿ ಮರುದಿನ ಇಳಿದರೆ ಆಹಾರ ಅಥವಾ ಮೀನಿನ ಸಂಖ್ಯೆ ಫಿಲ್ಟರಿನ ಶಕ್ತಿಯನ್ನು ಮೀರುತ್ತಿದೆ. ಸ್ವಚ್ಛ ಮಾಡಿದ ಒಂದೆರಡು ದಿನಗಳಲ್ಲಿ ಏರಿದರೆ ಸೂಕ್ಷ್ಮಜೀವಿಗಳು ನಾಶವಾಗಿವೆ. ನೀರು ಬದಲಾಯಿಸಿದ ತಕ್ಷಣವೇ ಏರಿದರೆ ಅಮೋನಿಯ ಹೊಸ ನೀರಿನ ಜೊತೆಗೇ ಬಂದಿದೆ. ಯಾವ ಘಟನೆಗೂ ಹೊಂದದೆ ವಾರಗಟ್ಟಲೆ ಮೆಲ್ಲನೆ ಏರುತ್ತ ಪಿಎಚ್ ಮಾತ್ರ ಕುಸಿಯುತ್ತಿದ್ದರೆ ಕ್ಷಾರೀಯತೆ, ಅಂದರೆ ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿ, ಬರಿದಾಗಿದೆ.

ತಿಂಗಳಿಗೊಮ್ಮೆ ಅಂಗಡಿಯ ಹುಡುಗ ಬಂದು ತೊಟ್ಟಿ ಖಾಲಿ ಮಾಡಿ, ಕಲ್ಲು, ಫಿಲ್ಟರ್ ಎಲ್ಲ ತೊಳೆದು ಹೋಗುತ್ತಾನೆ. ಆ ವಾರವೇ ಒಂದೆರಡು ಮೀನು ಸಾಯುತ್ತವೆ, ಏಕೆ?

ನಮ್ಮ ನಗರಗಳಲ್ಲಿ ಮರುಕಳಿಸುವ ಏರಿಕೆಗೆ ನಾನು ಕಂಡ ಅತಿ ಸಾಮಾನ್ಯ ಕಾರಣ ಇದೇ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ, ಕಲ್ಲುಗಳನ್ನು ಬಕೆಟಿನಲ್ಲಿ ಕಲಸಿ ಬೆಳ್ಳಗಾಗುವವರೆಗೆ ತೊಳೆದಾಗ ಕೊಳೆಯ ಜೊತೆ ಸೂಕ್ಷ್ಮಜೀವಿಗಳ ವಸಾಹತೂ ಚರಂಡಿಗೆ ಹೋಗುತ್ತದೆ, ಉಳಿದದ್ದನ್ನು ಕ್ಲೋರಿನ್ ಮುಗಿಸುತ್ತದೆ. ಕುಡಿಯುವ ನೀರಿಗೆ ಕ್ಲೋರಿನ್ ಸೇರಿಸುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲಲು. ಅದು ಒಳ್ಳೆಯವು ಕೆಟ್ಟವು ಎಂದು ಭೇದ ಮಾಡುವುದಿಲ್ಲ. ಮಾರನೆಯ ದಿನದಿಂದ ತೊಟ್ಟಿ ಬಹುಮಟ್ಟಿಗೆ ಹೊಸ ತೊಟ್ಟಿಯೇ, ಆದರೆ ಮೀನಿನ ಸಂಖ್ಯೆ ಮಾತ್ರ ಹಳೆಯದು. ಅದು ಚೇತರಿಸಿಕೊಳ್ಳುವ ಹೊತ್ತಿಗೆ ಮುಂದಿನ ತಿಂಗಳ ತೊಳೆತ ಬರುತ್ತದೆ.

ಆ ಸೇವೆಯನ್ನು ಬಿಡಬೇಕಿಲ್ಲ, ಕ್ರಮ ಬದಲಾಗಬೇಕು. ಮೀನುಗಳು ತೊಟ್ಟಿಯಲ್ಲೇ ಇರಲಿ. ಸೈಫನ್ ಪೈಪಿನಿಂದ ಕಲ್ಲಿನ ನಡುವಿನ ಕಸ ಹೀರುತ್ತ ನಾಲ್ಕನೇ ಒಂದು ಭಾಗ ನೀರು ತೆಗೆಯಲಿ. ಹಾಗೆ ತೆಗೆದ ತೊಟ್ಟಿಯ ನೀರಿನಲ್ಲೇ ಸ್ಪಂಜನ್ನು ಎರಡು ಮೂರು ಸಲ ಹಿಂಡಿ ಹಾಗೇ ಮರಳಿ ಹಾಕಲಿ; ಸ್ಪಂಜು ಕಂದು ಬಣ್ಣದಲ್ಲೇ ಉಳಿದರೆ ಅದು ಕೊಳಕಲ್ಲ. ಕಲ್ಲು ಮತ್ತು ಫಿಲ್ಟರನ್ನು ಒಂದೇ ದಿನ ಮುಟ್ಟದಿರುವುದು ಒಳ್ಳೆಯದು. ಸ್ಪಂಜು ಹರಿದು ಬದಲಾಯಿಸಲೇಬೇಕಾದರೆ ಹೊಸದನ್ನು ಹಳೆಯದರ ಜೊತೆ ಒಂದು ತಿಂಗಳು ಓಡಿಸಿ, ಆಮೇಲೆ ಹಳೆಯದನ್ನು ತೆಗೆಯಿರಿ.

ಕರೆಂಟು ನಾಲ್ಕೈದು ಗಂಟೆ ಹೋಗಿ ಬಂದ ಮರುದಿನ ಅಮೋನಿಯ ಏರುತ್ತದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಈ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕು. ಒಂದು ಮಿಲಿಗ್ರಾಂ ಅಮೋನಿಯ ಸಾರಜನಕವನ್ನು ನೈಟ್ರೇಟ್ ಮಾಡಲು ನಾಲ್ಕೂವರೆ ಮಿಲಿಗ್ರಾಂ ಆಮ್ಲಜನಕ ಖರ್ಚಾಗುತ್ತದೆ. ಹರಿವು ನಿಂತ ಮುಚ್ಚಿದ ಫಿಲ್ಟರಿನೊಳಗೆ ಅದು ಬೇಗ ಮುಗಿದು ಅಲ್ಲಿನ ಕಸ ಕೊಳೆಯಲು ಶುರುವಾಗುತ್ತದೆ. ಕರೆಂಟು ಬಂದ ಕೂಡಲೆ ಯಂತ್ರ ಆ ಕೊಳೆತ ನೀರನ್ನು ತೊಟ್ಟಿಗೆ ತಳ್ಳುತ್ತದೆ. ಕೆಲವು ಗಂಟೆ ನಿಂತಿದ್ದ ಕ್ಯಾನಿಸ್ಟರ್ (ಮುಚ್ಚಿದ ಡಬ್ಬಿಯ) ಫಿಲ್ಟರಿನೊಳಗಿನ ನೀರನ್ನು ಮೊದಲು ಹೊರಚೆಲ್ಲಿ, ಬಳಿಕ ಚಾಲೂ ಮಾಡಿ. ಪದೇ ಪದೇ ಕರೆಂಟು ಹೋಗುವ ಊರಿನಲ್ಲಿ ಏರ್ ಪಂಪಿನಿಂದ ಓಡುವ ಸ್ಪಂಜ್ ಫಿಲ್ಟರನ್ನು ಒಂದಾದರೂ ಇಟ್ಟು ಆ ಪಂಪನ್ನು ಇನ್ವರ್ಟರ್ ಸಾಲಿಗೆ ಸೇರಿಸುವುದು ಅಗ್ಗದ ಉಪಾಯ. ಏರ್ ಪಂಪ್ ಕೆಲವೇ ವ್ಯಾಟ್ ಬಳಸುತ್ತದೆ. ಇನ್ವರ್ಟರಿಗೆ ಅದು ಹೊರೆಯಲ್ಲ.

ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಕಾಳು ಹಾಕಲು ಹೇಳಿ ಹೋಗುತ್ತೇವೆ. ಬರುವಷ್ಟರಲ್ಲಿ ನೀರು ಹಾಲಿನಂತಾಗಿರುತ್ತದೆ.

ಪ್ರೀತಿಯಿಂದ ಹಾಕಿದ ಹಿಡಿ ಕಾಳೇ ಆ ಬಿಳುಪು. ಕೊಳೆತ ಆಹಾರವನ್ನು ತಿನ್ನುವ ಬೇರೆ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಉಕ್ಕಿ ಬೆಳೆದು ಆಮ್ಲಜನಕವನ್ನು ಕಬಳಿಸುತ್ತವೆ. ಬೆಳೆದ ಆರೋಗ್ಯವಂತ ಮೀನು ಎರಡು ಮೂರು ದಿನ ಏನೂ ತಿನ್ನದೆ ಇರಬಲ್ಲದು. ಅಷ್ಟು ದಿನಕ್ಕೆ ಯಾರಿಗೂ ಹೇಳುವುದೇ ಬೇಡ. ಇನ್ನೂ ಹೆಚ್ಚು ದಿನವಾದರೆ ಒಂದೊಂದು ಹೊತ್ತಿನ ಕಾಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿಕೊಟ್ಟು ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಉಳಿದ ದಿನಗಳಲ್ಲಿಯೂ ಎರಡು ನಿಮಿಷದೊಳಗೆ ಮುಗಿಯುವಷ್ಟೇ ಹಾಕಬೇಕು. ಆಸ್ಕರ್, ಫ್ಲವರ್‌ಹಾರ್ನ್‌ನಂಥ ದೊಡ್ಡ ಮೀನುಗಳಿಗೆ ಸಿಗಡಿ, ಕೋಳಿಯ ಈಲಿ ಕೊಡುವವರು ತಿನ್ನದೆ ಬಿಟ್ಟ ಚೂರನ್ನು ಕೂಡಲೆ ತೆಗೆಯಬೇಕು.

ಕೊಳೆ ತಿನ್ನಲು ಸಕ್ಕರ್ ಮೀನು ತಂದು ಬಿಟ್ಟರೆ ಸರಿಹೋಗುವುದೆ?

ಇಲ್ಲ. ಅದು ತಿಂದದ್ದೂ ಅಮೋನಿಯವಾಗಿಯೇ ಹೊರಬರುತ್ತದೆ. ಬೆರಳುದ್ದದ ಆ ಮರಿ ಒಂದಡಿಗೂ ಮೀರಿ ಬೆಳೆಯುತ್ತದೆ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಹೊಸದಾಗಿ ಹಿಡಿದ ನೀರಿನಲ್ಲೇ ಅಮೋನಿಯ ಇರಬಹುದೆ? ಅದು ಕುಡಿಯುವ ನೀರು!

ಇರಬಹುದು. ಭಾರತದ ಕುಡಿಯುವ ನೀರಿನ ಮಾನಕ ಐಎಸ್ 10500:2012 ಲೀಟರಿಗೆ 0.5 ಮಿಲಿಗ್ರಾಂವರೆಗೆ ಅಮೋನಿಯ ಸಾರಜನಕವನ್ನು ಒಪ್ಪುತ್ತದೆ. ಮನುಷ್ಯರಿಗೆ ಅದು ಲೆಕ್ಕಕ್ಕಿಲ್ಲ, ಪಿಎಚ್ 8ರ ತೊಟ್ಟಿಯ ಮೀನಿಗೆ ಲೆಕ್ಕವಿದೆ. ಎಲ್ಲಿಯಾದರೂ ಕ್ಲೋರಿನ್ ಬದಲು, ಕ್ಲೋರಿನ್ ಮತ್ತು ಅಮೋನಿಯ ಸೇರಿ ಆಗುವ ಕ್ಲೋರಮಿನ್ ಬಳಸಿದ್ದರೆ ಅಥವಾ ಅಮೋನಿಯ ಇರುವ ನೀರಿಗೆ ಕ್ಲೋರಿನ್ ಸೇರಿ ಕ್ಲೋರಮಿನ್ ಆಗಿದ್ದರೆ, ಸಾಮಾನ್ಯ ಆಂಟಿ ಕ್ಲೋರಿನ್ ಅದರೊಳಗಿನ ಕ್ಲೋರಿನನ್ನು ಮುರಿದು ಅಮೋನಿಯವನ್ನು ಹಾಗೇ ಉಳಿಸುತ್ತದೆ. ರಾತ್ರಿಯಿಡೀ ಬಕೆಟಿನಲ್ಲಿಟ್ಟರೆ ಕ್ಲೋರಿನ್ ಹಾರಿಹೋಗುವಂತೆ ಕ್ಲೋರಮಿನ್ ಹೋಗುವುದಿಲ್ಲ. ಆದ್ದರಿಂದ ತೊಟ್ಟಿಗೆ ಸುರಿಯುವ ಮುನ್ನ, ಆಂಟಿ ಕ್ಲೋರಿನ್ ಹಾಕಿದ ಬಕೆಟಿನ ನೀರನ್ನೇ ಒಮ್ಮೆ ಅಳೆಯಿರಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಸಂಪಿನಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ನೀರು ವಾರಕ್ಕೊಂದು ಹದದಲ್ಲಿ ಬೆರೆಯುವುದರಿಂದ ಒಂದೇ ಸಲ ಅಳೆದರೆ ಸಾಲದು.

ಬಿಳಿಚುಕ್ಕೆಗೆ ಔಷಧ ಹಾಕಿದೆ. ಚುಕ್ಕೆ ಹೋಯಿತು, ಅಮೋನಿಯ ಬಂತು.

ಆ್ಯಂಟಿಬಯಾಟಿಕ್‌ಗಳು ಮತ್ತು ಮಿಥಿಲೀನ್ ಬ್ಲೂ ಎಂಬ ನೀಲಿ ಔಷಧ ಫಿಲ್ಟರಿನ ಸೂಕ್ಷ್ಮಜೀವಿಗಳಿಗೂ ಪೆಟ್ಟು ಕೊಡಬಲ್ಲವು. ಕಾಯಿಲೆ ಬಿದ್ದ ಮೀನು ಒಂದೋ ಎರಡೋ ಆಗಿದ್ದರೆ ಬೇರೆ ಪಾತ್ರೆಯಲ್ಲಿ ಚಿಕಿತ್ಸೆ ಕೊಡಿ. ಬಿಳಿಚುಕ್ಕೆಯಂಥ ಹರಡುವ ರೋಗಕ್ಕೆ ಇಡೀ ತೊಟ್ಟಿಗೆ ಹಾಕಲೇಬೇಕಾದರೆ ಆಹಾರ ಅರ್ಧಕ್ಕಿಳಿಸಿ ದಿನವೂ ಅಮೋನಿಯ ಅಳೆಯಿರಿ.

## ಸ್ವಲ್ಪ ಆಳಕ್ಕೆ ಹೋದವರ ಪ್ರಶ್ನೆಗಳು

ಶುದ್ಧವಾಗಿರಲಿ ಎಂದು ಪೂರ್ತಿ ಆರ್‌ಒ ನೀರನ್ನೇ ಹಾಕುತ್ತೇನೆ. ಆದರೂ ತಿಂಗಳಾದ ಮೇಲೆ ಅಮೋನಿಯ ಕರಗುವುದು ನಿಂತಿತು.

ಅಮೋನಿಯ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಅದನ್ನು ತಟಸ್ಥಗೊಳಿಸುವುದು ನೀರಿನಲ್ಲಿರುವ ಬೈಕಾರ್ಬನೇಟ್, ಅಂದರೆ ಕಿಟ್‌ಗಳು ಕೆಎಚ್ ಎಂದು ಅಳೆಯುವ ಕ್ಷಾರೀಯತೆ. ಒಂದು ಮಿಲಿಗ್ರಾಂ ಅಮೋನಿಯ ಸಾರಜನಕಕ್ಕೆ, ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ, ಸುಮಾರು ಏಳು ಮಿಲಿಗ್ರಾಂ ಕ್ಷಾರೀಯತೆ ಖರ್ಚಾಗುತ್ತದೆ. ದಿನಕ್ಕೊಂದು ಗ್ರಾಂ ಕಾಳಿನ ನಮ್ಮ 50 ಲೀಟರ್ ತೊಟ್ಟಿಯಲ್ಲಿ ಅದು ದಿನವೂ ಲೀಟರಿಗೆ 4 ಮಿಲಿಗ್ರಾಂಗಿಂತ ಹೆಚ್ಚು. ಲೀಟರಿಗೆ 200 ಮಿಲಿಗ್ರಾಂ ಇರುವ ಬೋರ್‌ವೆಲ್ ನೀರಿಗೆ ಇದು ಚಿಲ್ಲರೆ ಖರ್ಚು. 20 ಇರುವ ಆರ್‌ಒ ನೀರು ಒಂದು ವಾರವೂ ತಾಳದು. ಕ್ಷಾರೀಯತೆ ಮುಗಿದರೆ ಪಿಎಚ್ ಕುಸಿಯುತ್ತದೆ, ಪಿಎಚ್ 6ರ ಹತ್ತಿರಕ್ಕೆ ಬಂದರೆ ಸೂಕ್ಷ್ಮಜೀವಿಗಳ ಕೆಲಸ ಬಹುತೇಕ ನಿಲ್ಲುತ್ತದೆ.

ಆರ್‌ಒ ನೀರಿಗೆ ಬೋರ್‌ವೆಲ್ ನೀರನ್ನು ಬೆರೆಸುವುದು ಎಲ್ಲಕ್ಕಿಂತ ಸುಲಭದ ಪರಿಹಾರ. ಬೋರ್‌ವೆಲ್ ಇಲ್ಲದವರು ಫಿಲ್ಟರಿನಲ್ಲಿ ಹವಳದ ಚೂರು ಇಡಬಹುದು, ಅಥವಾ ಅಡಿಗೆ ಸೋಡ ಬಳಸಬಹುದು: 50 ಲೀಟರಿಗೆ 6 ಗ್ರಾಂ ಸೋಡ ಕ್ಷಾರೀಯತೆಯನ್ನು 70 ಮಿಲಿಗ್ರಾಂನಷ್ಟು ಏರಿಸುತ್ತದೆ. ಅಷ್ಟನ್ನೂ ಒಂದೇ ದಿನ ಹಾಕಬಾರದು, ಅಮೋನಿಯ ಇರುವಾಗಲಂತೂ ಹಾಕಲೇಬಾರದು.

ವರ್ಷದಿಂದ ಚೆನ್ನಾಗಿದ್ದ ತೊಟ್ಟಿ. ಬಹಳ ದಿನದ ಮೇಲೆ ಅರ್ಧ ನೀರು ಬದಲಾಯಿಸಿದೆ, ಅಂದು ರಾತ್ರಿಯೇ ಮೀನೆಲ್ಲ ಸತ್ತವು. ನೀರಿನಲ್ಲಿ ವಿಷವಿತ್ತೆ?

ವಿಷ ಬಹುಶಃ ತೊಟ್ಟಿಯಲ್ಲೇ ಇತ್ತು, ಹೊಸ ನೀರು ಅದಕ್ಕೆ ಹಲ್ಲು ಕೊಟ್ಟಿತು. ನೀರು ಬದಲಾಯಿಸದೆ ಬಿಟ್ಟ ತೊಟ್ಟಿಯಲ್ಲಿ ಮೇಲೆ ಹೇಳಿದಂತೆ ಪಿಎಚ್ 6ಕ್ಕೆ ಇಳಿದು ಒಟ್ಟು ಅಮೋನಿಯ ಲೀಟರಿಗೆ 8 ಮಿಲಿಗ್ರಾಂ ಆಗಿತ್ತು ಎಂದುಕೊಳ್ಳಿ. ಆ ಪಿಎಚ್‌ನಲ್ಲಿ ಮುಕ್ತ ಅಮೋನಿಯ 0.005ಕ್ಕಿಂತ ಕಡಿಮೆ, ಆದ್ದರಿಂದ ಮೀನುಗಳು ಓಡಾಡಿಕೊಂಡೇ ಇದ್ದವು. ಗಡುಸು ಬೋರ್‌ವೆಲ್ ನೀರನ್ನು ಅರ್ಧದಷ್ಟು ಸುರಿದಾಗ ಒಟ್ಟು ಅಮೋನಿಯ 4ಕ್ಕೆ ಇಳಿಯಿತು, ಆದರೆ ಪಿಎಚ್ 7.6ಕ್ಕೆ ಏರಿದರೆ ಮುಕ್ತ ಅಮೋನಿಯ 0.09ರ ಹತ್ತಿರ ಬರುತ್ತದೆ. ಒಟ್ಟು ಅರ್ಧವಾಯಿತು, ವಿಷ ಇಪ್ಪತ್ತು ಪಟ್ಟಾಯಿತು. ಪಿಎಚ್ ಹಠಾತ್ತನೆ ಬದಲಾದ ಆಘಾತ ಬೇರೆ. ಇಂಥ ತೊಟ್ಟಿಯನ್ನು ಸರಿಪಡಿಸುವಾಗ ಮೊದಲು ತೊಟ್ಟಿಯಷ್ಟೇ ಕಡಿಮೆ ಪಿಎಚ್ ಇರುವ, ಆರ್‌ಒ ಹೆಚ್ಚು ಬೆರೆತ ನೀರಿನಿಂದ ದಿನವೂ ಶೇಕಡ 10ರಷ್ಟು ಬದಲಾಯಿಸುತ್ತ ಒಟ್ಟು ಅಮೋನಿಯವನ್ನು ಇಳಿಸಬೇಕು, ಪಿಎಚ್ ಏರಿಸುವುದು ಅದಾದ ಮೇಲಿನ ಮಾತು.

ಅಮೋನಿಯ ಹೀರುವ ಜಿಯೋಲೈಟ್ ಹರಳು ಹಾಕಿದ್ದೆ. ಕಲ್ಲುಪ್ಪು ಹಾಕಿದ ದಿನ ಅಮೋನಿಯ ಒಮ್ಮೆಲೇ ಏರಿತು.

ಜಿಯೋಲೈಟ್ ಅಮೋನಿಯಂ ಅನ್ನು ಹಿಡಿದು ಅದರ ಬದಲಿಗೆ ಸೋಡಿಯಂ ಬಿಡುತ್ತದೆ. ನೀರಿನಲ್ಲಿ ಉಪ್ಪು ಹೆಚ್ಚಾದರೆ ಅದೇ ಕ್ರಿಯೆ ತಿರುಗುಮುರುಗಾಗಿ, ಹಿಡಿದಿಟ್ಟದ್ದೆಲ್ಲ ಹೊರಬರುತ್ತದೆ. ಬಳಸಿದ ಹರಳನ್ನು ಉಪ್ಪುನೀರಿನಲ್ಲಿ ನೆನೆಸಿ ಪುನಃ ಬಳಸುವುದೂ ಇದೇ ಗುಣದಿಂದ. ತುರ್ತಿಗೆ ಜಿಯೋಲೈಟ್ ಒಳ್ಳೆಯದೇ, ಆದರೆ ಅದಿದ್ದಾಗ ತೊಟ್ಟಿಗೆ ಉಪ್ಪು ಬೇಡ.

ಬಾಟಲಿಯ ಬ್ಯಾಕ್ಟೀರಿಯಾ, ಆಂಟಿ ಅಮೋನಿಯ ಎರಡನ್ನೂ ಹಾಕಿದೆ. ಕಿಟ್‌ನ ಬಣ್ಣ ಹಾಗೇ ಇದೆ. ಮೋಸವೆ?

ಎರಡನ್ನೂ ಬೇರೆ ಬೇರೆ ನೋಡಬೇಕು. ಅಮೋನಿಯವನ್ನು ಕಟ್ಟಿಹಾಕುವುದಾಗಿ ಹೇಳುವ ದ್ರಾವಣಗಳು ಅದನ್ನು ತೊಟ್ಟಿಯಿಂದ ತೆಗೆಯುವುದಿಲ್ಲ. ಸಾಮಾನ್ಯ ಕಿಟ್ ಕಟ್ಟಿದ್ದನ್ನೂ ಕೂಡಿಸಿಯೇ ಓದುವುದರಿಂದ ಅದು ಕೆಲಸ ಮಾಡಿತೇ ಇಲ್ಲವೇ ಎಂದು ನಿಮಗೆ ತಿಳಿಯುವ ದಾರಿಯಿಲ್ಲ. ಆ ಕಾರಣಕ್ಕೇ ನಾನು ಅದನ್ನು ನೆಚ್ಚಿಕೊಳ್ಳುವುದಿಲ್ಲ. ಬಾಟಲಿಗಳಲ್ಲಿ ಕೆಲವು ನಿಜವಾದ ನೈಟ್ರೀಕರಣದ ಜೀವಿಗಳನ್ನು ಹೊಂದಿರುತ್ತವೆ. ಇನ್ನು ಕೆಲವುಗಳಲ್ಲಿರುವುದು ಕಸ ಕೊಳೆಸುವ ಬ್ಯಾಸಿಲಸ್ ಜಾತಿಗಳು, ಅವು ಫಿಲ್ಟರಿನ ಈ ಕೆಲಸವನ್ನು ವಹಿಸಿಕೊಳ್ಳುವುದಿಲ್ಲ. ಬಿಸಿಲಿನ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತ ಬಾಟಲಿಯ ಮೇಲೆ ನಂಬಿಕೆ ಇನ್ನೂ ಕಡಿಮೆ. ರೋಗವಿಲ್ಲದ ಸ್ನೇಹಿತರ ತೊಟ್ಟಿಯಿಂದ, ಒಣಗಲು ಬಿಡದೆ ಅದೇ ನೀರಿನಲ್ಲಿ ತಂದ ಹಳೆಯ ಸ್ಪಂಜಿನ ತುಂಡು ಇವೆರಡಕ್ಕಿಂತಲೂ ಮೇಲು.

ಗಿಡ ಹಾಕಿದರೆ ಅಮೋನಿಯ ಕಡಿಮೆಯಾಗುವುದೆ?

ವೇಗವಾಗಿ ಬೆಳೆಯುವ ಗಿಡಗಳು ಅಮೋನಿಯಂ ಅನ್ನು ನೇರವಾಗಿ ಹೀರಿಕೊಳ್ಳುತ್ತವೆ. ತೇಲುವ ಗಿಡಗಳು, ಹಾರ್ನ್‌ವರ್ಟ್, ಬೇರನ್ನು ಮಾತ್ರ ನೀರಿಗಿಳಿಸಿದ ಮನಿ ಪ್ಲಾಂಟ್ ಮೂರೂ ಚೆನ್ನಾಗಿ ಕೆಲಸ ಮಾಡುತ್ತವೆ. ಮನಿ ಪ್ಲಾಂಟಿನ ಎಲೆ ಮುಳುಗಿದರೆ ಕೊಳೆತು ತೊಂದರೆ ಹೆಚ್ಚಿಸುತ್ತದೆ. ಮಿಕ್ಕ ತೇಲುಗಿಡವನ್ನು ಕೆರೆಗೆ ಎಸೆಯದೆ ಒಣಗಿಸಿ ಗೊಬ್ಬರ ಮಾಡಿ.

ಈಗ ಅಮೋನಿಯ ಸೊನ್ನೆ ಬರುತ್ತಿದೆ. ಹೊಸ ಮೀನು ಯಾವಾಗ ತರಬಹುದು?

ಎಂದಿನಂತೆ ಆಹಾರ ಹಾಕುತ್ತ, ಯಾವ ದ್ರಾವಣವನ್ನೂ ಹಾಕದೆ, ಎರಡು ವಾರ ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆಯಲ್ಲಿ ನಿಂತ ಮೇಲೆ. ನೈಟ್ರೈಟ್ ಇನ್ನೂ ಕಾಣುತ್ತಿದ್ದರೆ ಎರಡನೆಯ ಗುಂಪಿನ ಜೀವಿಗಳು ಬೆಳೆದಿಲ್ಲ ಎಂದರ್ಥ. ನೈಟ್ರೈಟ್ ಮೀನಿನ ರಕ್ತ ಆಮ್ಲಜನಕ ಹೊರುವುದನ್ನು ತಡೆಯುತ್ತದೆ. ಎರಡೂ ಸೊನ್ನೆಯಾದ ಮೇಲೆ ಒಂದು ಸಲಕ್ಕೆ ಒಂದೋ ಎರಡೋ ಚಿಕ್ಕ ಮೀನು ತಂದು, ಒಂದು ವಾರ ಅಳೆದು ನೋಡಿ ಮುಂದಿನದನ್ನು ತನ್ನಿ. 50 ಲೀಟರಿನ ತೊಟ್ಟಿಗೆ ಗೋಲ್ಡ್ ಫಿಶ್ ಜೋಡಿಯನ್ನು ಸೇರಿಸುವ ಯೋಚನೆಯಿದ್ದರೆ ಮೊದಲು ದೊಡ್ಡ ತೊಟ್ಟಿ ತನ್ನಿ.